ಕ್ಷಯದ ಲೆಕ್ಕ, ಮನೆಯಲ್ಲಿ ಉಳಿಯಬೇಕಾದ ಅರ್ಧ ಲೀಟರ್ ಹಾಲು



ಲೆಕ್ಕ ಹಾಕುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಸು ಯಾವತ್ತು ಬೆದೆಗೆ ಬಂತು, ಯಾವತ್ತು ಇಂಜೆಕ್ಷನ್ ಹಾಕಿಸಿದ್ದು, ಯಾವ ತಿಂಗಳು ಕರು ಹಾಕುತ್ತದೆ, ಅದಕ್ಕೆ ಎಷ್ಟು ದಿನ ಮೊದಲು ಹಾಲು ಬತ್ತಿಸಬೇಕು, ಅಷ್ಟರೊಳಗೆ ಇನ್ನೊಂದು ಹಸು ಹಾಲಿಗೆ ಬಾರದಿದ್ದರೆ ಸ್ತ್ರೀಶಕ್ತಿ ಸಂಘದ ಕಂತು ಕಟ್ಟುವುದು ಹೇಗೆ, ಇದೆಲ್ಲ ನಿಮ್ಮ ತಲೆಯಲ್ಲೇ ಇರುತ್ತದೆ. ಇವತ್ತು ಕೈಯಲ್ಲಿರುವ ಅಂಕಿಗಳನ್ನು ಹಿಡಿದು ಮುಂದೆ ಆಗುವುದನ್ನು ಅಂದಾಜು ಮಾಡುವ ಈ ಕೆಲಸಕ್ಕೇ ಓದಿದವರು ‘ಗಣಿತ ಮಾದರಿ’ ಎನ್ನುತ್ತಾರೆ. ಕ್ಷಯರೋಗವನ್ನು, ಅಂದರೆ ಟಿ.ಬಿ.ಯನ್ನು ಹತೋಟಿಗೆ ತರಲು ಯಾವ ಕೆಲಸ ಮೊದಲು ಮಾಡಬೇಕು, ದುಡ್ಡನ್ನು ಎಲ್ಲಿ ಹಾಕಬೇಕು ಎಂದು ಸರ್ಕಾರಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ತೀರ್ಮಾನಿಸುವಾಗ ಇಂಥ ಲೆಕ್ಕಗಳನ್ನು ಮುಂದಿಟ್ಟುಕೊಳ್ಳುತ್ತವೆ.

ಹಾಲಿನ ಪತ್ರಿಕೆಯಲ್ಲಿ ಕ್ಷಯದ ಮಾತು ಯಾಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಈ ಲೆಕ್ಕ ಶುರುವಾದದ್ದು ದೂರದ ದೇಶದಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ, ಸುತ್ತಲಿನ ಹಳ್ಳಿಗಳ ಅಂಕಿಗಳಿಂದ. ಮತ್ತೆ, ಆ ಲೆಕ್ಕ ಈಗ ಬೆರಳು ಮಾಡಿ ತೋರಿಸುತ್ತಿರುವುದು ಆಸ್ಪತ್ರೆಯನ್ನು ಮಾತ್ರವಲ್ಲ, ಮನೆಯ ಊಟದ ತಟ್ಟೆಯನ್ನು, ಅದರ ಪಕ್ಕದಲ್ಲಿರುವ ಹಾಲಿನ ಲೋಟವನ್ನು. ಆ ಲೋಟ ತುಂಬಿಸುವ ಕೆಲಸದಲ್ಲಿ ನಮ್ಮ ಸಂಘಗಳೂ ಒಕ್ಕೂಟಗಳೂ ಪಾಲು ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂಬುದನ್ನು ಲೆಕ್ಕದಿಂದಲೇ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಕ್ಷಯ ಹರಡುವುದು ಗಾಳಿಯಿಂದ. ಶ್ವಾಸಕೋಶದಲ್ಲಿ ರೋಗ ಇರುವವರು ಕೆಮ್ಮಿದಾಗ ಹೊರಬರುವ ಕ್ರಿಮಿಯನ್ನು ಪಕ್ಕದಲ್ಲಿರುವವರು ಉಸಿರಾಡುತ್ತಾರೆ. ಚಿಕಿತ್ಸೆ ಇಲ್ಲದೆ ಕೆಮ್ಮುತ್ತಾ ಇರುವ ಒಬ್ಬ ರೋಗಿ ವರ್ಷಕ್ಕೆ ಹತ್ತು ಜನರಿಗೆ ಸೋಂಕು ದಾಟಿಸುತ್ತಾನೆ ಎಂದು ಇಟ್ಟುಕೊಳ್ಳಿ. ಸೋಂಕು ತಗುಲಿದವರೆಲ್ಲ ಮಲಗುವುದಿಲ್ಲ. ಹೆಚ್ಚಿನವರ ಮೈಯಲ್ಲಿ ಕ್ರಿಮಿ ಸುಮ್ಮನೆ ಮಲಗಿರುತ್ತದೆ. ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗ ಏಳುತ್ತದೆ. ಹತ್ತು ಜನರಲ್ಲಿ ಒಬ್ಬರು ಎಂದರೆ, ಒಬ್ಬ ರೋಗಿಯ ಜಾಗಕ್ಕೆ ಇನ್ನೊಬ್ಬ ರೋಗಿ ಬಂದ ಹಾಗಾಯಿತು. ರೋಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಊರಲ್ಲಿ ನಿಂತೇ ಇರುತ್ತದೆ. ನಮ್ಮ ಹಿರಿಯರ ಕಾಲದಿಂದ ಅದು ಹೀಗೆ ನಿಂತಿದೆ.

ಈಗ ಇದೇ ಲೆಕ್ಕದಲ್ಲಿ ಒಂದು ಅಂಕಿ ಬದಲಾಯಿಸಿ. ಒಂದು ವರ್ಷ ಕೆಮ್ಮುವ ಬದಲು ಎರಡು ತಿಂಗಳಲ್ಲೇ ಕಾಯಿಲೆ ಗೊತ್ತಾಗಿ ಮಾತ್ರೆ ಶುರುವಾದರೆ? ಸೋಂಕು ಹತ್ತು ಜನರಿಗೆ ದಾಟುವುದಿಲ್ಲ, ಒಬ್ಬಿಬ್ಬರಿಗೆ ದಾಟೀತು. ಒಬ್ಬ ರೋಗಿಯ ಜಾಗಕ್ಕೆ ಇನ್ನೊಬ್ಬ ಬರುವುದಿಲ್ಲ, ರೋಗ ಇಳಿಯತೊಡಗುತ್ತದೆ. ಇನ್ನೊಂದು ಅಂಕಿಯನ್ನೂ ಬದಲಾಯಿಸಿ ನೋಡಿ. ಸೋಂಕು ತಗುಲಿದ ಹತ್ತು ಜನರೂ ಅರೆಹೊಟ್ಟೆಯವರು, ಮೈಯಲ್ಲಿ ಕಸುವಿಲ್ಲದವರು ಎಂದುಕೊಳ್ಳಿ. ಆಗ ರೋಗ ಏಳುವುದು ಒಬ್ಬರಿಗೆ ಅಲ್ಲ, ಇಬ್ಬರಿಗೋ ಮೂವರಿಗೋ. ಒಂದು ಅಂಕಿ ಕೆಮ್ಮಿನ ದಿನಗಳದ್ದು, ಇನ್ನೊಂದು ಮೈಯ ಕಸುವಿನದ್ದು. ದೊಡ್ಡ ದೊಡ್ಡ ಮಾದರಿಗಳಲ್ಲಿ ಇಂಥ ಅಂಕಿಗಳು ಹತ್ತಾರು ಇರುತ್ತವೆ, ಕಂಪ್ಯೂಟರೇ ಬೇಕು. ಆದರೆ ನೀವೂ ನಾವೂ ಕೈಹಾಕಬಹುದಾದ ಹಿಡಿಕೆಗಳು ಹೆಚ್ಚಾಗಿ ಇವೇ ಎರಡು.

ಇನ್ನೊಂದು ವಿಷಯವನ್ನೂ ಲೆಕ್ಕ ಹೇಳುತ್ತದೆ, ಅದು ಸಿಹಿ ಸುದ್ದಿ ಅಲ್ಲ. ಇವತ್ತಿನಿಂದ ಒಂದೇ ಒಂದು ಹೊಸ ಸೋಂಕು ಆಗದಿದ್ದರೂ ರೋಗಿಗಳು ವರ್ಷಾನುಗಟ್ಟಲೆ ಬರುತ್ತಲೇ ಇರುತ್ತಾರೆ. ಊರಲ್ಲಿ ಇವತ್ತೇ ಎಐ ನಿಲ್ಲಿಸಿದರೂ ಈಗಾಗಲೇ ಗಬ್ಬವಾದ ಹಸುಗಳು ಮುಂದಿನ ಒಂಬತ್ತು ತಿಂಗಳು ಕರು ಹಾಕುತ್ತಲೇ ಇರುವುದಿಲ್ಲವೇ, ಹಾಗೆ. ಕ್ಷಯದಲ್ಲಿ ಈ ಗಬ್ಬ ಒಂಬತ್ತು ತಿಂಗಳಲ್ಲ, ಎಷ್ಟೋ ಸಲ ಇಪ್ಪತ್ತು ಮೂವತ್ತು ವರ್ಷ. 2019ರಿಂದ 2021ರವರೆಗೆ ದೇಶದಲ್ಲಿ ನಡೆದ ಕ್ಷಯ ಸಮೀಕ್ಷೆಯಲ್ಲಿ, 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಜನರ ಮೈಯಲ್ಲಿ ಸೋಂಕಿನ ಗುರುತು ಸಿಕ್ಕಿತು. ಇವರಿಗೆ ರೋಗ ಇಲ್ಲ, ಇವರಿಂದ ಯಾರಿಗೂ ಹರಡುವುದೂ ಇಲ್ಲ. ಮೈ ಸೋತಾಗ ಮಾತ್ರ ಕ್ರಿಮಿ ಏಳುತ್ತದೆ. ಆದ್ದರಿಂದ ಇವರ ಮೈ ಸೋಲದಂತೆ ನೋಡಿಕೊಳ್ಳುವುದೂ ಕ್ಷಯ ನಿಯಂತ್ರಣದ ಕೆಲಸವೇ.

ಈಗ ಬೆಂಗಳೂರಿನ ಕಥೆ. ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಬಂದು ಉದ್ಘಾಟಿಸಿದರು. ಅಲ್ಲಿ ಕೆಲಸ ಮಾಡುತ್ತಿದ್ದ ನಾರ್ವೆ ದೇಶದ ಹಾನ್ಸ್ ವಾಲರ್ ಎಂಬ ಅಂಕಿಅಂಶ ತಜ್ಞರು ಆಂಟನ್ ಗೇಸರ್ ಮತ್ತು ಸ್ಟಿಗ್ ಆಂಡರ್ಸನ್ ಜತೆ ಸೇರಿ 1962ರಲ್ಲಿ ಕ್ಷಯಕ್ಕೆ ಒಂದು ಗಣಿತ ಮಾದರಿ ಬರೆದರು. ಕ್ಷಯಕ್ಕೆ ಬರೆದ ಮೊದಲ ಮಾದರಿ ಅದೇ ಎನ್ನುತ್ತಾರೆ. ಊರಿನ ಜನರನ್ನು ಸೋಂಕಿಲ್ಲದವರು, ಸೋಂಕಿದ್ದೂ ರೋಗವಿಲ್ಲದವರು, ರೋಗಿಗಳು ಎಂದು ವಿಂಗಡಿಸಿ, ವರ್ಷ ವರ್ಷವೂ ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ಜನ ದಾಟುತ್ತಾರೆ ಎಂದು ಲೆಕ್ಕ ಇಡುವ ಮಾದರಿ ಅದು. ನಾವು ಕೊಟ್ಟಿಗೆಯಲ್ಲಿ ಕರು, ಕಡಸು, ಹಾಲಿನ ಹಸು, ಬತ್ತಿದ ಹಸು ಎಂದು ವಿಂಗಡಿಸಿದ ಹಾಗೆ.

ಅದೇ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಐದು ವರ್ಷದ ಅವಧಿಯಲ್ಲಿ ನಾಲ್ಕು ಸಲ ಮನೆಮನೆಗೆ ಹೋಗಿ ಕಫ, ಎಕ್ಸರೇ ನೋಡಿದರು. ಸರಿಯಾದ ಚಿಕಿತ್ಸೆ ಹಳ್ಳಿಗೆ ಇನ್ನೂ ಬಂದಿರದ ಕಾಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಸಿಕ್ಕವರಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ 49 ಜನ ತೀರಿಕೊಂಡಿದ್ದರು. 32 ಜನ ತಾವಾಗಿಯೇ ಗುಣವಾಗಿದ್ದರು. ಉಳಿದ 18-19 ಜನ ಇನ್ನೂ ಕೆಮ್ಮುತ್ತಾ, ಕ್ರಿಮಿ ಹೊರಗೆ ಬಿಡುತ್ತಾ ಬದುಕಿದ್ದರು. ಚಿಕಿತ್ಸೆ ಇಲ್ಲದಿದ್ದರೆ ಈ ರೋಗ ಏನು ಮಾಡುತ್ತದೆ ಎಂದು ಜಗತ್ತಿಗೆ ಅಂಕಿಯಲ್ಲಿ ತೋರಿಸಿಕೊಟ್ಟವರು ಆ ಹಳ್ಳಿಗಳ ಜನ. ಅವರ ಹೆಸರುಗಳು ಎಲ್ಲೂ ಬರುವುದಿಲ್ಲ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ದೇಬಬರ್ ಬ್ಯಾನರ್ಜಿ ಮತ್ತು ಆಂಡರ್ಸನ್ ಅದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಗಮನಿಸುವುದಿಲ್ಲ, ಅದಕ್ಕೇ ಕ್ಷಯ ಹೋಗುತ್ತಿಲ್ಲ ಎಂದು ಪಟ್ಟಣದ ದೊಡ್ಡವರು ಹೇಳುತ್ತಿದ್ದ ಕಾಲವದು. ಇವರು ರೋಗ ಇದ್ದವರನ್ನೇ ಕೂರಿಸಿ ಕೇಳಿದರು. ನೂರಕ್ಕೆ 95 ಜನರಿಗೆ ತಮ್ಮ ಮೈಯಲ್ಲಿ ಏನೋ ಆಗಿದೆ ಎಂಬುದು ಗೊತ್ತಿತ್ತು. 72 ಜನ ಅದರ ಬಗ್ಗೆ ಚಿಂತೆ ಮಾಡಿದ್ದರು. 52 ಜನ ಆಗಲೇ ಆಸ್ಪತ್ರೆಗೋ ಡಾಕ್ಟರ ಹತ್ತಿರವೋ ಹೋಗಿಯೂ ಬಂದಿದ್ದರು. ಹೋದವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿಯ ಬಾಟಲಿ. ಅಂದರೆ ಅಸಡ್ಡೆ ಮಾಡಿದವರು ಹಳ್ಳಿಯವರಲ್ಲ. ಬಾಗಿಲಿಗೆ ಬಂದ ರೋಗಿಯ ಕಫ ಪರೀಕ್ಷೆ ಮಾಡಿಸದೆ ಕಳಿಸಿದ ವ್ಯವಸ್ಥೆ ಅಸಡ್ಡೆ ಮಾಡಿತ್ತು. ದೊಡ್ಡ ಕ್ಷಯ ಆಸ್ಪತ್ರೆಗಳನ್ನು ಕಟ್ಟುತ್ತಾ ಕೂರುವ ಬದಲು ಹತ್ತಿರದ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಕಫ ನೋಡಿ ಮಾತ್ರೆ ಕೊಡಬೇಕು ಎಂಬ ಜಿಲ್ಲಾ ಕ್ಷಯ ಕಾರ್ಯಕ್ರಮ 1962ರಲ್ಲಿ ರೂಪುಗೊಂಡದ್ದು ಇಂಥ ತಿಳಿವಳಿಕೆಯಿಂದ. ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವತ್ತು ಕಫದ ಡಬ್ಬಿ ಕೊಡುತ್ತಾರಲ್ಲ, ಅದರ ಬೇರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿದೆ.

ಅರವತ್ತು ವರ್ಷ ಕಳೆದರೂ ದಾರಿಯಲ್ಲಿ ಸೋರುವುದು ನಿಂತಿಲ್ಲ. ರಮ್ನಾಥ್ ಸುಬ್ಬರಾಮನ್ ಮತ್ತು ಜತೆಗಾರರು 2016ರಲ್ಲಿ ಒಂದು ಲೆಕ್ಕ ಹಾಕಿದರು. 2013ನೇ ಇಸವಿಯಲ್ಲಿ ದೇಶದಲ್ಲಿ ಕ್ಷಯ ಇದ್ದವರನ್ನೆಲ್ಲ ನೂರು ಎಂದು ಹಿಡಿದರೆ, ಸರ್ಕಾರಿ ಪರೀಕ್ಷಾ ಕೇಂದ್ರದ ಬಾಗಿಲಿಗೆ ಬಂದವರು 72. ಬಂದವರಲ್ಲಿ ಕಾಯಿಲೆ ಪತ್ತೆಯಾದದ್ದು 60 ಜನರಿಗೆ. ಹೆಸರು ಬರೆಸಿ ಚಿಕಿತ್ಸೆಗೆ ಸೇರಿದವರು 53. ಪೂರ್ತಿ ಮುಗಿಸಿದವರು 45. ಮುಗಿಸಿ ಒಂದು ವರ್ಷ ಕಾಯಿಲೆ ಮರುಕಳಿಸದೆ ಬದುಕಿದ್ದವರು 39. ನೂರು ಲೀಟರ್ ಹಾಲು ಕ್ಯಾನಿಗೆ ಸುರಿದು ಡೇರಿ ಮುಟ್ಟುವ ಹೊತ್ತಿಗೆ 39 ಲೀಟರ್ ಉಳಿದರೆ ನೀವು ಸುಮ್ಮನಿರುತ್ತಿದ್ದಿರಾ? ಕ್ಯಾನು ಎಲ್ಲಿ ತೂತಾಗಿದೆ ಎಂದು ಅವತ್ತೇ ತಲೆಕೆಳಗು ಮಾಡಿ ನೋಡುತ್ತಿದ್ದಿರಿ. ಈ ಲೆಕ್ಕದಲ್ಲಿ ಅತಿ ದೊಡ್ಡ ತೂತು ಮೊದಲನೆಯದು, ಮನೆಯಿಂದ ಪರೀಕ್ಷೆಯ ಬಾಗಿಲಿನವರೆಗಿನದು. ಆಮೇಲೆ ಬಂದ ರಾಷ್ಟ್ರೀಯ ಸಮೀಕ್ಷೆಯೂ ಅದನ್ನೇ ಹೇಳಿತು. ಕ್ಷಯದ ಲಕ್ಷಣ ಇದ್ದವರಲ್ಲಿ ನೂರಕ್ಕೆ ಸುಮಾರು 64 ಜನ ಎಲ್ಲೂ ತೋರಿಸಿಕೊಂಡಿರಲಿಲ್ಲ. ಜತೆಗೆ, ಎಕ್ಸರೇ ತೆಗೆಯದೆ ಹೋಗಿದ್ದರೆ ಸಿಕ್ಕ ರೋಗಿಗಳಲ್ಲಿ ನೂರಕ್ಕೆ 42 ಮಂದಿ ಕಣ್ಣಿಗೇ ಬೀಳುತ್ತಿರಲಿಲ್ಲ. ಕಣ್ಣಿಗೆ ಕಾಣದ ಕೆಚ್ಚಲು ಬಾವು ಗೊತ್ತಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಇದೂ ಹಾಗೆ. ಈಗ ಕೈಯಲ್ಲಿ ಹಿಡಿಯುವ ಸಣ್ಣ ಎಕ್ಸರೇ ಯಂತ್ರ ಹಿಡಿದು ಊರೂರಿಗೆ ಬರುತ್ತಿರುವುದು ಆ ಕಾರಣಕ್ಕೆ. ಬಂದ ದಿನ ಕೆಮ್ಮಿಲ್ಲದಿದ್ದರೂ ಹೋಗಿ ನಿಲ್ಲಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಆ ಮೊದಲ ತೂತು ಇನ್ನೂ ದೊಡ್ಡದು ಎಂದು ನಿಮಗೆ ನಾನು ಹೇಳಬೇಕೆ? ಮದುವೆಗೆ ಬಂದ ಹುಡುಗಿಗೆ ಕೆಮ್ಮು ಬಂದರೆ ಮನೆಯವರೇ ಮುಚ್ಚಿಡುತ್ತಾರೆ. ಸೊಸೆಗೆ ಬಂದರೆ ತವರಿಗೆ ಕಳಿಸುವ ಮಾತು ಬರುತ್ತದೆ. ನಡುವಯಸ್ಸಿನವಳು ತಾನೇ ಮುಂದೂಡುತ್ತಾಳೆ: ಹಸು ಕರು ಹಾಕಲಿ, ಹಬ್ಬ ಮುಗಿಯಲಿ, ಬಟವಾಡೆ ಆಗಲಿ ಆಮೇಲೆ ಹೋದರಾಯಿತು. ಒಂದೊಂದು ವಾರ ಮುಂದೂಡಿದ್ದೂ ಮಾದರಿಯ ಲೆಕ್ಕದಲ್ಲಿ ಒಂದು ಅಂಕಿ. ಅದೇ ಒಲೆಯ ಮುಂದೆ, ಅದೇ ಗೋಡೆಗಳ ನಡುವೆ ಮಲಗುವ ಮಗುವಿನ ಉಸಿರಿನಲ್ಲಿ ಅದು ಜಮೆಯಾಗುತ್ತದೆ.

ಇನ್ನು ಎರಡನೆಯ ಹಿಡಿಕೆ, ಮೈಯ ಕಸುವು. ಇಲ್ಲಿ ನಮ್ಮ ಮಂಗಳೂರಿಗೆ ಬರಬೇಕು. ಅಲ್ಲಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ 2019ರಿಂದ 2022ರವರೆಗೆ ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಒಂದು ಪ್ರಯೋಗ ನಡೆಸಿತು. ಅದರ ಹೆಸರೇ ‘ರೇಷನ್ಸ್’. 2,800 ಕ್ಷಯರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳಿಗೆಲ್ಲ ಮಾತ್ರೆಯ ಜತೆಗೆ ತಿಂಗಳಿಗೆ 10 ಕೆ.ಜಿ. ಆಹಾರದ ಚೀಲ ಕೊಟ್ಟರು. ಅದರಲ್ಲಿ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಇತ್ತು. ಅರ್ಧದಷ್ಟು ಕಡೆ ರೋಗಿಯ ಮನೆಯ ಇತರರಿಗೂ ತಲೆಗೆ ಇಷ್ಟು ಎಂದು ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಟ್ಟರು. ಉಳಿದ ಕಡೆ ಮನೆಯವರಿಗೆ ಕೊಡಲಿಲ್ಲ. ಆಮೇಲೆ ಎರಡೂ ಕಡೆ ಎಷ್ಟು ಜನರಿಗೆ ಹೊಸದಾಗಿ ಕ್ಷಯ ಬಂತು ಎಂದು ಎಣಿಸಿದರು.

ಮನೆಯವರಿಗೂ ಆಹಾರ ಕೊಟ್ಟ ಕಡೆ ಹೊಸ ಕ್ಷಯ ನೂರಕ್ಕೆ 39ರಷ್ಟು ಕಡಿಮೆ ಇತ್ತು. ಇನ್ನೊಬ್ಬರಿಗೆ ಹರಡಬಲ್ಲ, ಕಫದಲ್ಲಿ ಕ್ರಿಮಿ ಕಾಣುವ ಬಗೆಯ ಕ್ಷಯ ಅದಕ್ಕಿಂತಲೂ ಕಡಿಮೆ, 48ರಷ್ಟು ಇಳಿಯಿತು. ಲಸಿಕೆ ಅಲ್ಲ, ಹೊಸ ಮಾತ್ರೆ ಅಲ್ಲ, ಅಕ್ಕಿ-ಬೇಳೆ! ಪ್ರಯೋಗಕ್ಕೆ ಬಂದ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆಯಾಗಿತ್ತು. ನಲವತ್ತು ಕೆ.ಜಿ. ತೂಕದ ಹೆಂಗಸು ಎರಡು ತಿಂಗಳಲ್ಲಿ ಎರಡು ಕೆ.ಜಿ. ಏರಬೇಕು, ಅಷ್ಟೆ. ಹಾಲು ಕೊಡುವ ಹಸುವಿಗೆ ಹಿಂಡಿ ಕಡಿಮೆ ಮಾಡಿ ಬರೀ ಇಂಜೆಕ್ಷನ್ ಮೇಲೆ ನಿಲ್ಲಿಸಬಹುದೇ ಎಂದು ನಿಮ್ಮನ್ನು ಕೇಳಿದರೆ ನಗುತ್ತೀರಿ. ಮನುಷ್ಯರ ವಿಷಯದಲ್ಲಿ ಇದನ್ನು ಸಾಬೀತು ಮಾಡಲು ಇಷ್ಟು ವರ್ಷ ಬೇಕಾಯಿತು.

ಪ್ರಯೋಗ ನಡೆದದ್ದು ನಾಲ್ಕು ಜಿಲ್ಲೆಯಲ್ಲಿ. ದೇಶಕ್ಕೆಲ್ಲ ಮಾಡಿದರೆ ಏನಾದೀತು ಎಂಬುದಕ್ಕೆ ಮತ್ತೆ ಗಣಿತ ಮಾದರಿಯೇ ಬೇಕು. ಲಂಡನ್ನಿನ ಸಂಶೋಧಕರು ಭಾರ್ಗವ ತಂಡದ ಜತೆ ಸೇರಿ ಅದನ್ನೂ ಮಾಡಿದ್ದಾರೆ. ಚಿಕಿತ್ಸೆಯಲ್ಲಿರುವ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮತ್ತು ಅವರ ಮನೆಯವರಿಗೆ ಇಂಥ ಆಹಾರ ಸಿಕ್ಕರೆ 2035ರೊಳಗೆ ಸುಮಾರು 3.6 ಲಕ್ಷ ಸಾವು, 8.8 ಲಕ್ಷ ಹೊಸ ರೋಗ ತಪ್ಪಬಹುದು ಎಂಬುದು ಅವರ ಅಂದಾಜು. ಒಂದು ಮನೆಯಲ್ಲಿ ತಪ್ಪಿದ ರೋಗ ಪಕ್ಕದ ಮನೆಗೂ ದಾಟುವುದಿಲ್ಲವಲ್ಲ, ಆ ಲಾಭ ಪ್ರಯೋಗದಲ್ಲಿ ಕಾಣುವುದಿಲ್ಲ, ಮಾದರಿಯಲ್ಲಿ ಕಾಣುತ್ತದೆ. ನೀತಿ ಮಾಡುವವರ ಮುಂದೆ ‘ಬಡವರಿಗೆ ಊಟ ಕೊಡಿ’ ಎಂದರೆ ಅದು ದಾನದ ಮಾತಾಗುತ್ತದೆ. ‘ಇಷ್ಟು ಖರ್ಚಿಗೆ ಇಷ್ಟು ರೋಗ ತಪ್ಪುತ್ತದೆ’ ಎಂದರೆ ಅದು ಚಿಕಿತ್ಸೆಯ ಪಟ್ಟಿಗೆ ಸೇರುತ್ತದೆ. ಲೆಕ್ಕಕ್ಕೆ ಇರುವ ಬಲ ಅದು. 2018ರಿಂದ ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರಿನಿಂದ 1,000 ರೂಪಾಯಿ ಆಯಿತು. ರೋಗಿಯ ಮನೆಯವರಿಗೂ ಆಹಾರದ ಕಿಟ್ ಕೊಡಬಹುದು ಎಂದು ಕೇಂದ್ರ ಸರ್ಕಾರ ಅದೇ ಹೊತ್ತಿಗೆ ಹೇಳಿತು. ಮನೆಯವರ ಕಿಟ್ಟಿಗೆ ದಾನಿಗಳನ್ನು ನೆಚ್ಚಿಕೊಂಡಿರುವುದು ನನಗೆ ಸರಿ ಕಾಣುವುದಿಲ್ಲ. ದಾನಿ ಸಿಕ್ಕ ಊರಿಗೆ ಬೇಳೆ, ಸಿಗದ ಊರಿಗೆ ಇಲ್ಲ ಎಂದಾಗಬಾರದು.

ಗಣಿತ ಮಾದರಿ ಹೇಳಿದ್ದೆಲ್ಲ ವೇದವಾಕ್ಯ ಎಂದು ಮಾತ್ರ ತಿಳಿಯಬೇಡಿ. ನೀರು ಬೆರೆಸಿದ ಹಾಲು ಕೊಟ್ಟು ಒಳ್ಳೆಯ ಫ್ಯಾಟ್ ತೋರಿಸು ಎಂದರೆ ಯಂತ್ರವಾದರೂ ಏನು ಮಾಡೀತು? ಒಳಗೆ ಹಾಕಿದ ಅಂಕಿ ಸುಳ್ಳಾದರೆ ಹೊರಗೆ ಬರುವ ಉತ್ತರವೂ ಸುಳ್ಳು. ಇದಕ್ಕೆ ನಮ್ಮ ದೇಶವೇ ಉದಾಹರಣೆ. ಖಾಸಗಿ ಡಾಕ್ಟರ ಹತ್ತಿರ ಚಿಕಿತ್ಸೆ ಪಡೆಯುವ ಕ್ಷಯರೋಗಿಗಳು ಬಹಳ ಕಾಲ ಸರಿಯಾಗಿ ಲೆಕ್ಕಕ್ಕೇ ಬರಲಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂಗಡಿಗಳಲ್ಲಿ ಮಾರಾಟವಾದ ಕ್ಷಯದ ಮಾತ್ರೆಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, 2014ರಲ್ಲಿ ಖಾಸಗಿಯಾಗಿ ಚಿಕಿತ್ಸೆ ಪಡೆದವರು ಸುಮಾರು 22 ಲಕ್ಷ ಇರಬಹುದು ಎಂದಿತು. 12 ಲಕ್ಷವೂ ಇರಬಹುದು, 53 ಲಕ್ಷವೂ ಇರಬಹುದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು ಕೂಡ. ಹಿಂಡಿ ಚೀಲ ಎಷ್ಟು ಖರ್ಚಾಯಿತು ಎಂದು ನೋಡಿ ಹಸು ಎಷ್ಟಿರಬಹುದು ಎಂದು ಊಹಿಸಿದ ಹಾಗೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ವರ್ಷಕ್ಕೆ ಬರುವ ಹೊಸ ರೋಗಿಗಳ ಅಂದಾಜನ್ನು 22 ಲಕ್ಷದಿಂದ 28 ಲಕ್ಷಕ್ಕೆ ಏರಿಸಿತು.

ಇನ್ನೊಂದು ಮಾತು. 2025ಕ್ಕೆ ಭಾರತ ಕ್ಷಯಮುಕ್ತ ಎಂದು ಗೋಡೆ ಗೋಡೆಯ ಮೇಲೆ ಬರೆದದ್ದು ನಿಮಗೆ ನೆನಪಿರಬಹುದು. ಅದು ಲೆಕ್ಕ ಹಾಕಿ ಬಂದ ಉತ್ತರ ಅಲ್ಲ, ಆಸೆ. ಬೇರೆ ಬೇರೆ ತಂಡಗಳ 11 ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ, ಈಗ ಇರುವ ಉಪಾಯಗಳನ್ನೇ ಹೆಚ್ಚು ಮಾಡಿದರೆ ರೋಗ ಚೆನ್ನಾಗಿ ಇಳಿಯುತ್ತದೆ, ಆದರೆ ಭಾರತದಲ್ಲಿ 2025ರ ಗುರಿ ಮುಟ್ಟಲು ಅಷ್ಟೇ ಸಾಲದು ಎಂದು 2016ರಲ್ಲೇ ಹೇಳಿತ್ತು. ಹಾಗೆಯೇ ಆಯಿತು. 2015ರಲ್ಲಿ ಲಕ್ಷ ಜನಕ್ಕೆ 237 ಇದ್ದ ಹೊಸ ರೋಗಿಗಳ ಅಂದಾಜು 2024ಕ್ಕೆ 187ಕ್ಕೆ ಇಳಿದಿದೆ. ಇಳಿದದ್ದು ಸಣ್ಣದೇನಲ್ಲ, ಆದರೆ ಮುಗಿದಿಲ್ಲ. ಆಸೆ ಇಟ್ಟುಕೊಳ್ಳುವುದು ತಪ್ಪಲ್ಲ. ಇವತ್ತು ಕಟ್ಟಿದ ಪಡ್ಡೆ ನಾಳೆಯೇ ಇಪ್ಪತ್ತು ಲೀಟರ್ ಕೊಡುತ್ತದೆ ಎಂದು ಸಾಲ ಮಾಡುವುದು ತಪ್ಪು.

‘ಹಸುವಿನಿಂದಲೂ ಕ್ಷಯ ಬರುತ್ತದಂತಲ್ಲ?’ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ದನಗಳಿಗೂ ಕ್ಷಯ ಬರುತ್ತದೆ, ಅದು ಹಸಿ ಹಾಲಿನಿಂದ ಮನುಷ್ಯರಿಗೆ ದಾಟುವುದೂ ಉಂಟು. ಆದರೆ ಹಾಲು ಕಾಯಿಸಿದರೆ, ಡೇರಿಯಲ್ಲಿ ಪಾಶ್ಚರೀಕರಿಸಿದರೆ ಆ ಕ್ರಿಮಿ ಸಾಯುತ್ತದೆ. ನಮ್ಮ ನಡುವಿನ ಕ್ಷಯದಲ್ಲಿ ಹೆಚ್ಚಿನದು ಮನುಷ್ಯರಿಂದ ಮನುಷ್ಯರಿಗೆ ಗಾಳಿಯಲ್ಲಿ ಹರಡುವುದು. ಹಸಿ ಹಾಲು ಕುಡಿಯಬೇಡಿ, ಮಕ್ಕಳಿಗೆ ನೊರೆಹಾಲು ಕೊಡಬೇಡಿ. ಸೊರಗುತ್ತಾ, ಬಹಳ ದಿನ ಕೆಮ್ಮುವ ಹಸುವನ್ನು ಪಶುವೈದ್ಯರಿಗೆ ತೋರಿಸಿ.

ಈಗ ನಾವು ಏನು ಮಾಡಬಹುದು ಎಂಬ ಮಾತಿಗೆ ಬರುತ್ತೇನೆ. ಬೆಳಿಗ್ಗೆ, ಸಂಜೆ, ದಿನಕ್ಕೆ ಎರಡು ಸಲ ಊರಿನ ಹೆಂಗಸರೆಲ್ಲ ಬಂದು ಸಾಲಿನಲ್ಲಿ ನಿಲ್ಲುವ ಜಾಗ ಹಳ್ಳಿಯಲ್ಲಿ ಇನ್ನೊಂದಿಲ್ಲ. ದೇವಸ್ಥಾನಕ್ಕೂ ಅಷ್ಟು ಜನ ಬರುವುದಿಲ್ಲ. ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ, ಕರಗುವ ತೂಕ, ಕಫದಲ್ಲಿ ರಕ್ತ, ಇವು ಪಕ್ಕದಲ್ಲಿ ನಿಂತವಳಿಗೆ ಡಾಕ್ಟರಿಗಿಂತ ಮೊದಲು ಕಾಣುತ್ತವೆ. ‘ಅಕ್ಕ, ಆ ಕೆಮ್ಮು ಇನ್ನೂ ಹೋಗಿಲ್ಲವಾ? ನಾಳೆ ಆಶಾ ಅಕ್ಕನ ಜತೆ ಹೋಗಿ ಬರೋಣ’ ಎಂಬ ಒಂದು ಮಾತು ಲೆಕ್ಕದಲ್ಲಿನ ತಿಂಗಳುಗಳನ್ನು ವಾರಕ್ಕೆ ಇಳಿಸಬಲ್ಲದು. ಪರೀಕ್ಷೆ, ಮಾತ್ರೆ ಎರಡಕ್ಕೂ ಸರ್ಕಾರಿ ಕೇಂದ್ರದಲ್ಲಿ ದುಡ್ಡಿಲ್ಲ. ಮನೆಯಲ್ಲಿ ಯಾರಿಗಾದರೂ ಕ್ಷಯ ಎಂದು ಗೊತ್ತಾದರೆ ಉಳಿದವರಿಗೂ ಪರೀಕ್ಷೆ ಮಾಡಿಸಿ, ರೋಗ ಬಾರದಂತೆ ಕೊಡುವ ಮಾತ್ರೆಯನ್ನೂ ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ.

ಇದರ ಜತೆಗೆ ಒಂದು ನಿಯಮವನ್ನು ಸಂಘಗಳು ಬರೆದಿಡಬೇಕು: ಕ್ಷಯ ಇರುವ ಮನೆಯ ಹಾಲನ್ನು ಯಾರೂ ಬೇಡ ಎನ್ನಬಾರದು. ಕಾಯಿಲೆ ಕ್ಯಾನಿನಲ್ಲಿ ಬರುವುದಿಲ್ಲ, ಹಾಲು ಮುಂದೆ ಪಾಶ್ಚರೀಕರಣ ಆಗಿಯೇ ಹೋಗುತ್ತದೆ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ರೋಗಿ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಹಾಲು ಕರೆಯುವುದನ್ನು, ಸಾಲಿನಲ್ಲಿ ನಿಲ್ಲುವುದನ್ನು ಮನೆಯ ಬೇರೆಯವರು ಮಾಡಲಿ, ಸಾಕು. ಒಂದು ಊರಿನಲ್ಲಿ ಒಂದೇ ಒಂದು ಸಲ ‘ನಿಮ್ಮ ಹಾಲು ನಾಳೆಯಿಂದ ತರಬೇಡಿ’ ಎಂದು ಹೇಳಿದರೆ, ಆ ಊರಿನ ಮುಂದಿನ ಹತ್ತು ಕೆಮ್ಮುಗಳು ಸೆರಗಿನ ಹಿಂದೆ ಅಡಗುತ್ತವೆ. ಹಾಗೆ ಹೇಳಿದವರು ರೋಗವನ್ನು ತಡೆದಂತಲ್ಲ, ಸಾಕಿದಂತೆ.

ಕೊನೆಗೆ ಹಾಲಿನ ಮಾತು. ಹಾಲು ಮಾರುವ ಮನೆಯಲ್ಲೇ ಹಾಲಿಲ್ಲ ಎಂಬುದು ನಿಮಗೆ ಗೊತ್ತಿರುವ ಸತ್ಯ. ಕರೆದದ್ದೆಲ್ಲ ಡೇರಿಗೆ, ಉಳಿದದ್ದು ಗಂಡಸರ ಕಾಫಿ-ಟೀಗೆ, ಮಕ್ಕಳಿಗೆ ಒಂದು ಗುಟುಕು, ಕರೆದವಳಿಗೆ ಪಾತ್ರೆ ತೊಳೆದ ನೀರು. ಕಾಯಿಲೆ ಬಂದ ಮನೆಯಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಕೂಲಿ ತಪ್ಪುತ್ತದೆ, ಹಾಲಿನ ದುಡ್ಡೊಂದೇ ಆಸರೆಯಾಗುತ್ತದೆ, ಒಂದು ಹನಿಯನ್ನೂ ಉಳಿಸಿಕೊಳ್ಳದೆ ಹಾಕುತ್ತಾರೆ. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್ ಇದೆ. ಅದನ್ನು ನೀವೇ ಉತ್ಪಾದಿಸಿ, ಮಾರಿ, ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ತರುವುದು ಎಂಥ ವ್ಯಾಪಾರ?

ನಾವೇ ಒಂದು ಪುಟ್ಟ ಮಾದರಿ ಮಾಡೋಣ. ನಿಮ್ಮ ಸಂಘದ ವ್ಯಾಪ್ತಿಯಲ್ಲಿ 1,500 ಜನಸಂಖ್ಯೆ, ದಿನಕ್ಕೆ 300 ಲೀಟರ್ ಹಾಲು ಎಂದು ಇಟ್ಟುಕೊಳ್ಳಿ. ಲಕ್ಷಕ್ಕೆ 187 ಎಂಬ ದೇಶದ ಸರಾಸರಿ ಹಿಡಿದರೆ ವರ್ಷಕ್ಕೆ ಹೊಸ ರೋಗಿಗಳು ಹೆಚ್ಚೆಂದರೆ ಮೂವರು. ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಲೀಟರಿನಂತೆ ಆರು ತಿಂಗಳಿಗೆ 90 ಲೀಟರ್, ಮೂವರಿಗೆ 270 ಲೀಟರ್. ಸಂಘದ ಒಂದು ದಿನದ ಸಂಗ್ರಹಕ್ಕಿಂತ ಕಡಿಮೆ! ಮನೆಯಲ್ಲಿ ಐದು ಜನ ಇದ್ದು ಎಲ್ಲರಿಗೂ ಅರ್ಧ ಲೀಟರ್ ಕೊಟ್ಟರೂ ವರ್ಷಕ್ಕೆ 1,350 ಲೀಟರ್, ನಾಲ್ಕೂವರೆ ದಿನದ ಹಾಲು. ವರ್ಷದ ಒಟ್ಟು ಹಾಲಿನ ಮೇಲೆ ಹಂಚಿದರೆ ಲೀಟರಿಗೆ 12 ಎಂ.ಎಲ್. ಗರ್ಬರ್ ಪರೀಕ್ಷೆಗೆ ಪಿಪೆಟ್‌ನಲ್ಲಿ ಎಳೆಯುವ ಹಾಲು 10.75 ಎಂ.ಎಲ್., ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಸಂಘದ ನಿಜವಾದ ಅಂಕಿಗಳನ್ನು ಹಾಕಿ ನೀವೇ ಇನ್ನೊಮ್ಮೆ ಲೆಕ್ಕ ಮಾಡಿ. ರೋಗಿಗಳ ಸಂಖ್ಯೆ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಹೆಸರು ಕೇಳಬೇಡಿ, ಸಂಖ್ಯೆ ಸಾಕು.

ಇದನ್ನು ಬಡ ಸದಸ್ಯೆಯರ ತಲೆಯ ಮೇಲೆ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ಸಂಘ ಲಾಭದಲ್ಲಿ ಸಾಮಾಜಿಕ ಕೆಲಸಕ್ಕೆ ಎತ್ತಿಡುವ ಹಣ ಇದೆ. ಒಕ್ಕೂಟಕ್ಕೆ ಹಾಲಿನ ಪುಡಿ ಇದೆ. 2013ರಿಂದ ಕ್ಷೀರಭಾಗ್ಯದಲ್ಲಿ ನಮ್ಮ ಹಾಲಿನ ಪುಡಿ ರಾಜ್ಯದ ಶಾಲೆಗಳಿಗೆ ಹೋಗುತ್ತಿದೆ, ಸಾಗಿಸುವ ದಾರಿ ಆಗಲೇ ಇದೆ. ಅದೇ ದಾರಿಯಲ್ಲಿ ಆರೋಗ್ಯ ಕೇಂದ್ರಕ್ಕೂ ಪುಡಿಯ ಪೊಟ್ಟಣ ಹೋದರೆ, ಮಾತ್ರೆ ತೆಗೆದುಕೊಳ್ಳಲು ಬಂದವರು ಅದನ್ನೂ ಒಯ್ಯುತ್ತಾರೆ, ಯಾರ ಮನೆಯಲ್ಲಿ ಕಾಯಿಲೆ ಎಂದು ಊರಿಗೆಲ್ಲ ಸಾರಬೇಕಾಗುವುದೂ ಇಲ್ಲ.

ಮುಂದಿನ ವಾರ್ಷಿಕ ಮಹಾಸಭೆಯ ನೋಟಿಸ್ ಬರುವ ಮೊದಲೇ ನಾಲ್ಕೈದು ಸದಸ್ಯೆಯರು ಸಹಿ ಹಾಕಿ ಈ ವಿಷಯವನ್ನು ಬರವಣಿಗೆಯಲ್ಲಿ ಕಾರ್ಯದರ್ಶಿಯವರಿಗೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಸಭೆಯ ದಿನ ಬಾಯಿಮಾತಿನಲ್ಲಿ ಎತ್ತಿದರೆ ‘ಇತರೆ ವಿಷಯಗಳು’ ಎಂದು ಕೊನೆಗೆ ತಳ್ಳುತ್ತಾರೆ, ಅಷ್ಟು ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ.